ನರಿಗೆ ಹಾಸಿದ ಜೊಂಡು

ಪೊಲಿಕ್ಸೇನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಕಲಮಿಯಾ ಊರಲ್ಲಿ ಇದು ಗೊತ್ತಿಲ್ಲದವರಿಲ್ಲ. ಮೀನಿನ ದೋಣಿ ಹೆಜ್ಜಾರ್ಲೆಗಳ ಗೂಡಿನ ಕಡೆ ಒಂದು ಮಾರು ಹೆಚ್ಚು ವಾಲಿದರೆ ಸಾಕು, ದಡದ ಮೇಲಿಂದ ಅವಳ ಕೂಗು ಎದ್ದು ಬರುತ್ತಿತ್ತು.

“ಏಯ್! ಕಣ್ಣು ಕಾಣಲ್ವೇನೋ ನಿಂಗೆ? ಅಲ್ಲಿ ಮೊಟ್ಟೆ ಇದಾವೆ ಕಣೋ! ನಿಮ್ಮವ್ವ ನಿನ್ನ ಹೆರೋವಾಗ ಯಾರಾದ್ರೂ ಹಿಂಗೇ ಬಾಗಿಲು ತಳ್ಕೊಂಡು ನುಗ್ಗಿದ್ರಾ?”

ದೋಣಿಯವರು ಗೊಣಗುತ್ತ ಹುಟ್ಟು ತಿರುಗಿಸುತ್ತಿದ್ದರು. ಬೈಸಿಕೊಂಡವರೇ ಸಂಜೆ ಬಾರ್ಬಾ ಜಿಸಿಸ್ ಮುದುಕನ ಕಾಫಿ ಅಂಗಡಿಯಲ್ಲಿ ಕುಳಿತು ಅವಳ ಹಾಗೆ ಕೈ ಬೀಸಿ, ಗಂಟಲು ಹರಿದುಕೊಂಡು ಅಣಕಿಸುತ್ತಿದ್ದರು. ಅಷ್ಟರಲ್ಲಿ ಅವಳೇ ಬಾಗಿಲಲ್ಲಿ ಬಂದು ನಿಂತರೆ ಎದ್ದು ಕುರ್ಚಿ ಕೊಡುವವರೂ ಅವರೇ. ಹಕ್ಕಿಯಮ್ಮ ಎಂದು ಹೆಸರಿಟ್ಟದ್ದೂ ಅವರೇ.

ಅವಳು ಈ ಊರಿನವಳಲ್ಲ. ಸಮುದ್ರದ ಬದಿಯ ವೋಲೋಸಿನವಳು. ಹಕ್ಕಿಗಳ ಮೇಲಿನ ಡಾಕ್ಟರೇಟ್ ಓದಿನ ಕೊನೆಯ ಕೆಲಸಕ್ಕೆಂದು, ಒಂದು ಚಳಿಗಾಲ ಇದ್ದು ಹೋಗುತ್ತೇನೆಂದು ಬಂದಳು. ಆಗ ನಮ್ಮ ಸರೋವರದಲ್ಲಿ ಗುಂಗುರುತಲೆಯ ಹೆಜ್ಜಾರ್ಲೆಗಳು ಬೆರಳೆಣಿಕೆಯಷ್ಟು ಉಳಿದಿದ್ದವು. ಮೀನು ಕದಿಯುವ ಹಕ್ಕಿ ಎಂದು ಜನ ಕಂಡಲ್ಲಿ ಗುಂಡು ಹಾರಿಸುತ್ತಿದ್ದರು, ಮೊಟ್ಟೆ ಕಂಡರೆ ಕಾಲಲ್ಲಿ ಒದೆಯುತ್ತಿದ್ದರು. ಆ ಹುಡುಗಿ ಮನೆಮನೆಗೆ ಹೋದಳು. ಬಂದೂಕು ಇಟ್ಟವನ ಮನೆಯಲ್ಲೇ ಬೀನ್ಸ್ ಸಾರು ಉಂಡಳು, ಉಂಡ ಮೇಲೆ ಅವನನ್ನೇ ಬೈದಳು. ಅಥೆನ್ಸಿನಿಂದ ಕೆಲಸಕ್ಕೆ ಕರೆ ಬಂತು, ಮದುವೆಗೆ ಗಂಡೂ ಬಂದ. ಎರಡನ್ನೂ ಬಿಟ್ಟಳು. ಹಕ್ಕಿಯಾದರೂ ಚಳಿಗೆ ಬೇರೆ ಕಡೆ ಹೋಗಿ ಬರುತ್ತದೆ, ಇವಳು ಹೋಗಲೇ ಇಲ್ಲ. ಈಗ ಅವಳಿಗೆ ಐವತ್ತು ದಾಟಿದೆ. ಈಗ ಫೆಬ್ರವರಿ ಕೊನೆಗೆ ಬಂದು ನೋಡಿದರೆ ಜೊಂಡಿನ ನಡುವೆ ಬಿಳಿ ಬಟ್ಟೆ ಒಣಹಾಕಿದ ಹಾಗೆ ಹೆಜ್ಜಾರ್ಲೆಗಳು ಕಾವಿಗೆ ಕೂತಿರುತ್ತವೆ. ಇದು ಅವಳು ಮಾಡಿದ್ದು. ಈ ಮಾತಿಗೆ ಊರಲ್ಲಿ ಎದುರು ಮಾತಿಲ್ಲ.

ಅವಳ ಕಟ್ಟಳೆಗಳು ಎರಡು. ಹಕ್ಕಿ ಮೊಟ್ಟೆ ಇಟ್ಟ ಮೇಲೆ ಗೂಡಿನ ಹತ್ತಿರ ಯಾರೂ ಸುಳಿಯಬಾರದು, ಬಿಷಪ್ಪು ಬಂದರೂ ಇಲ್ಲ. ಇನ್ನೊಂದು ಜೊಂಡಿನದು. ಸರೋವರದ ಅಂಚೆಲ್ಲ ಕೆಸರು. ಕಾಲಿಟ್ಟರೆ ತೊಡೆವರೆಗೂ ನುಂಗುತ್ತದೆ. ಅದಕ್ಕೆ ಜೊಂಡು ಕೊಯ್ದು, ಕಂತೆ ಕಟ್ಟಿ, ಕೆಸರಿನ ಮೇಲೆ ಹಾಸುತ್ತ ಅದರ ಮೇಲೆ ನಡೆದು ಹೋಗಬೇಕು. ಹಿಂದಿರುಗುವಾಗ ಒಂದೊಂದೇ ಕಂತೆಯನ್ನು ಎತ್ತಿ ಚೆಲ್ಲಾಡುತ್ತ ಬರಬೇಕು. ಮನುಷ್ಯ ನಡೆಯುವ ದಾರಿಯಲ್ಲಿ ಹಸಿದ ನರಿಯೂ ನಡೆಯುತ್ತದೆ, ಕೆಸರು ಮತ್ತು ನೀರು ಇರುವತನಕವೇ ಗೂಡಿಗೆ ಕಾವಲು. “ಹಾಸಿದ್ದನ್ನ ಎತ್ಕೊಂಡು ಬಾ” ಎಂದು ಅವಳು ತನ್ನ ಹತ್ತಿರ ಕಲಿಯಲು ಬರುವ ವಿದ್ಯಾರ್ಥಿಗಳಿಗೆ ಹೇಳಿ ಹೇಳಿ, ಊರಲ್ಲಿ ಊಟದ ತಟ್ಟೆ ಎತ್ತದೆ ಎದ್ದವರಿಗೂ ಜನ ಅದನ್ನೇ ಹೇಳುವಂತಾಗಿತ್ತು.

ಮೀನುಗಾರರ ಪೈಕಿ ಸ್ಟೆರ್ಗಿಯೊಸ್ ಅವಳಿಗೆ ಬೇರೆ. ಅವನ ಮದುವೆಯಲ್ಲಿ ಗಂಡು ಹೆಣ್ಣಿನ ತಲೆಯ ಮೇಲೆ ಕಿರೀಟ ಬದಲಾಯಿಸಬೇಕಿದ್ದ ಸೋದರಮಾವ ಹಿಂದಿನ ದಿನ ಆಸ್ಪತ್ರೆ ಸೇರಿದ. ಸ್ಟೆರ್ಗಿಯೊಸ್ ಓಡಿ ಬಂದು ಅವಳ ಬಾಗಿಲು ಬಡಿದಿದ್ದ. ಅವಳು ಕೆಸರಿನ ಬೂಟು ಕಳಚಿ, ಮದುವಣಗಿತ್ತಿ ಸುಲ್ತಾನಾಳ ಅಕ್ಕನ ಚಪ್ಪಲಿ ಹಾಕಿಕೊಂಡು ಚರ್ಚಿಗೆ ಹೋಗಿ ಕಿರೀಟ ಬದಲಾಯಿಸಿದಳು. ಅಂದಿನಿಂದ ಅವಳು ಅವರಿಬ್ಬರಿಗೆ ನೂನಾ. ನಮ್ಮಲ್ಲಿ ನೂನಾ ಎಂದರೆ ಹೆತ್ತವರಿಗಿಂತ ಒಂದು ಮೆಟ್ಟಿಲು ಮೇಲೆ. ನೂನಾಳ ಎದುರು ದನಿ ಎತ್ತುವಂತಿಲ್ಲ, ನೂನಾಳ ಕೈಗೆ ಮುತ್ತಿಡದೆ ಹಬ್ಬ ಆಗುವಂತಿಲ್ಲ. ಭಾನುವಾರದ ಊಟಕ್ಕೆ ಆ ಮನೆಯಲ್ಲಿ ಅವಳಿಗೊಂದು ತಟ್ಟೆ ಕಾಯಂ.

ಹಾಗಂತ ಜಗಳವಿಲ್ಲ ಎಂದಲ್ಲ. ಆ ಚಳಿಗಾಲದಲ್ಲೇ ಜಿಸಿಸ್‌ನ ಅಂಗಡಿಯಲ್ಲಿ ಎಲ್ಲರ ಎದುರು ಸ್ಟೆರ್ಗಿಯೊಸ್ ಹರಿದ ಬಲೆಯನ್ನು ಮೇಜಿನ ಮೇಲೆ ಹರವಿದ್ದ.

“ನೋಡು ನೂನಾ, ನಿನ್ನ ಮುದ್ದಿನ ಮಕ್ಳು ಮಾಡಿದ್ದು! ಒಂದಿನ ಅವುಗಳ ಮೊಟ್ಟೆನೆಲ್ಲ ಒಡೆದು ಊರಿಗೇ ಆಮ್ಲೆಟ್ ಹಾಕ್ತೀನಿ, ನೋಡ್ತಿರು.”

“ಹಾಕೋ, ಹಾಕು. ಉಪ್ಪು ನಾನು ತರ್ತೀನಿ. ಉಳಿದಿದ್ದನ್ನ ನಿನ್ನ ಗಾಯಕ್ಕೆ ಹಚ್ತೀನಿ.”

ಎಲ್ಲರೂ ನಕ್ಕಿದ್ದರು. ನಾಲಿಗೆಗೆ ಎಲುಬಿಲ್ಲ.

ಆ ವರ್ಷ ಮಳೆ ಕೈಕೊಟ್ಟಿತ್ತು, ಹಿಮವೂ ಬಿದ್ದಿರಲಿಲ್ಲ. ನೀರು ತಗ್ಗಿ ಜೊಂಡಿನ ಬುಡದಲ್ಲಿ ಕೆಸರು ಕಾಣುತ್ತಿತ್ತು. ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗಲು ಹನ್ನೊಂದು ದಿನವಿರುವ ಗುರುವಾರ ಮನೆಮನೆಯ ಅಂಗಳದಲ್ಲಿ ಕೆಂಡ ಹಾಕಿ ಮಾಂಸ ಸುಡುತ್ತಾರೆ. ಅಂದು ಊರೆಲ್ಲ ಬೆಳಗಿನಿಂದಲೇ ಹೊಗೆ. ಪೊಲಿಕ್ಸೇನಿ ದಡದಿಂದ ದುರ್ಬೀನು ಹಿಡಿದು ನೋಡುತ್ತಿದ್ದಾಗ, ಗೂಡಿನ ಗುಂಪಿನ ಈಚೆ ಅಂಚಿನಲ್ಲಿ ಒಂದು ಮುದಿ ಹಕ್ಕಿ ಕಂಡಿತು. ಕೊಕ್ಕಿನ ಚೀಲದ ಮೇಲೆ ಹಳೆಯ ಗಾಯದ ಗೆರೆ. ಅವಳು ದುರ್ಬೀನನ್ನು ಕಣ್ಣಿಗೆ ಇನ್ನಷ್ಟು ಒತ್ತಿಕೊಂಡಳು. ಅವಳು ಬಂದ ಮೊದಲ ವಸಂತದಲ್ಲಿ, ತನ್ನ ಕೈಯಾರೆ ಮೊದಲ ಸಲ ಕಾಲಿಗೆ ಗುರುತಿನ ಬಳೆ ಹಾಕಿದ ಮರಿಗೂ ಅಲ್ಲೇ ಗಾಯವಾಗಿತ್ತು. ಹಳದಿ ಬಳೆ. ಕಳೆದ ವರ್ಷ ಅದು ಬಂದಿರಲಿಲ್ಲ. ಸತ್ತಿತೆಂದು ಅವಳು ಒಬ್ಬಳೇ ಕುಳಿತು ಅತ್ತಿದ್ದಳು.

ಕಾವಿಗೆ ಕೂತ ಹಕ್ಕಿಯ ಕಾಲು ದಡದಿಂದ ಕಾಣುವುದಿಲ್ಲ. ಹತ್ತಿರ ಹೋಗಬೇಕು. ಮೊಟ್ಟೆ ಇಟ್ಟಾಗಿದೆ, ಹೋಗಬಾರದು. ಆ ಬಳೆ ಕಂಡರೂ ಕಾಣದಿದ್ದರೂ ಯಾವ ಶಾಸ್ತ್ರಕ್ಕೂ ಲಾಭವಿರಲಿಲ್ಲ, ನಷ್ಟವಿರಲಿಲ್ಲ. ಅವಳಿಗೆ ನೋಡಬೇಕಿತ್ತು, ಅಷ್ಟೇ. ಜೊಂಡಿನ ಮರೆಯಲ್ಲಿ ಹೋಗಿ ಬಂದುಬಿಡುತ್ತೇನೆ, ಹಕ್ಕಿಗೆ ಗೊತ್ತೇ ಆಗುವುದಿಲ್ಲ ಎಂದುಕೊಂಡಳು. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಕಪಾಳಕ್ಕೆ ಬಿಡುತ್ತಿದ್ದಳು.

ಜೊಂಡು ಕೊಯ್ದಳು, ಕಂತೆ ಹಾಸುತ್ತ ಹೋದಳು, ಕೊನೆಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತಳು. ಮಧ್ಯಾಹ್ನವೆಲ್ಲ ಕಾದ ಮೇಲೆ ಆ ಮುದಿ ಹಕ್ಕಿ ಮೊಟ್ಟೆ ತಿರುಗಿಸಲು ಎದ್ದು ನಿಂತಿತು. ಹಳದಿ ಬಳೆ! ಮಾಸಿತ್ತು, ಸವೆದಿತ್ತು, ಆದರೆ ಅದೇ. ಪೊಲಿಕ್ಸೇನಿ ಕೂಗು ಹೊರಬರದಂತೆ ಕೈಗವಸನ್ನು ಬಾಯಿಗೆ ತುರುಕಿಕೊಂಡು ನಕ್ಕಳು, ಅತ್ತಳು.

ಹಿಂದಿರುಗುವಾಗ ಮೊದಲ ಕಂತೆ ಎತ್ತಲು ಬಗ್ಗಿದಳು. ಕೆಸರು ಹೆಪ್ಪುಗಟ್ಟಿ ಅದನ್ನು ಕಚ್ಚಿಕೊಂಡಿತ್ತು. ಎಳೆದಳು, ಸೊಂಟ ಹಿಡಿದುಕೊಂಡಿತು. ಅಷ್ಟರಲ್ಲಿ ಜೇಬಿನ ಫೋನು ನಡುಗಿತು. ಸುಲ್ತಾನಾ.

“ಎಲ್ಲಿದೀಯ ನೂನಾ? ಮಾಂಸ ಒಣಗಿ ಚಕ್ಕೆ ಆಗ್ತಿದೆ. ನೀನು ಬರೋವರ್ಗೂ ಮುಟ್ಬೇಡಿ ಅಂತ ನಿನ್ನ ಮಗ ಸ್ಟೆರ್ಗಿಯೊಸ್ ಎಲ್ರನ್ನೂ ಉಪವಾಸ ಕೂರ್ಸಿದಾನೆ.”

“ಬಂದೆ, ಬಂದೆ,” ಎಂದು ಪಿಸುಗುಟ್ಟಿದಳು. ಊರಿನ ಹೊಗೆ ನೀರಿನ ಮೇಲೆ ಹಾಯ್ದು ಮೂಗಿಗೆ ಬಡಿಯುತ್ತಿತ್ತು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ನಾಳೆ ಬೆಳಗ್ಗೆ ಬಂದು ಎತ್ತಿದರಾಯಿತು ಎಂದುಕೊಂಡು ಹೊರಟುಬಿಟ್ಟಳು. ಆ ರಾತ್ರಿ ಸ್ಟೆರ್ಗಿಯೊಸ್‌ನ ಅಂಗಳದಲ್ಲಿ ಅವಳಷ್ಟು ಖುಷಿಯಾಗಿ ಉಂಡವರಿಲ್ಲ, ಅವಳಷ್ಟು ಹಾಡಿದವರಿಲ್ಲ.

ಬೆಳಗಾಗುವಷ್ಟರಲ್ಲಿ ಹಿಮ ಬಿತ್ತು. ಇಡೀ ಚಳಿಗಾಲ ಬಾರದ್ದು ಒಂದೇ ಸಲ ಸುರಿಯಿತು. ಮನೆ ಬಾಗಿಲು ತೆಗೆಯಲು ಸಲಿಕೆ ಬೇಕಾಯಿತು. ಭಾನುವಾರ ಬಿಸಿಲು ಬಂದಾಗ ಸರೋವರದ ಕಾವಲುಗಾರ ಅರ್ಗಿರಿಸ್ ಬಂದು ಅವಳ ಕಿಟಕಿ ತಟ್ಟಿದ.

“ಡಾಕ್ಟ್ರೇ, ಗೂಡಿನ ಮೇಲೆ ಬೂದುಕಾಗೆ ಮುತ್ಕೊಂಡಿವೆ. ಸುಮ್ನೆ ಮುತ್ತೋ ಕಾಗೆ ಅಲ್ಲ ಅವು.”

ಹೋಗಿ ನೋಡಿದರೆ ಒಂದು ಹಕ್ಕಿಯೂ ಗೂಡಿನಲ್ಲಿರಲಿಲ್ಲ. ಹಿಮದ ಮೇಲೆ ಒಡೆದ ಚಿಪ್ಪು, ಹೆಪ್ಪುಗಟ್ಟಿದ ಹಳದಿ ಲೋಳೆ, ಗರಿ, ರಕ್ತ. ನರಿಗಳು ಮೊಟ್ಟೆಯನ್ನಷ್ಟೇ ಮುಟ್ಟಿರಲಿಲ್ಲ, ಕಾವು ಬಿಟ್ಟೇಳದ ಹಕ್ಕಿಗಳ ಕುತ್ತಿಗೆಯನ್ನೂ ಹಿಡಿದಿದ್ದವು. ಓಡಿಹೋದವುಗಳ ಮೊಟ್ಟೆ ಕಾಗೆಗಳ ಪಾಲಾಗಿತ್ತು. ಈಚೆ ಅಂಚಿನಲ್ಲಿ ಮುದಿ ಹಕ್ಕಿ ಒಂದು ರೆಕ್ಕೆ ಚಾಚಿ ಬಿದ್ದಿತ್ತು. ಪೊಲಿಕ್ಸೇನಿ ಅದರ ಕಾಲು ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

“ಇಲ್ಬನ್ನಿ, ಇಲ್ಬನ್ನಿ!” ಅರ್ಗಿರಿಸ್ ಕೂಗಿದ. “ಯಾರೋ ಜೊಂಡು ಹಾಸಿದಾರೆ ನೋಡಿ. ದಡದಿಂದ ಗೂಡಿನವರ್ಗೂ. ನರಿಗೆ ರಾಜಬೀದಿ ಮಾಡ್ಕೊಟ್ಟಿದಾರೆ!”

ಕಂತೆಗಳ ಮೇಲೆ ಹಿಮ, ಹಿಮದ ಮೇಲೆ ಹೋದ ಬಂದ ನರಿ ಹೆಜ್ಜೆ. ಅವಳ ಬೂಟಿನ ಗುರುತನ್ನು ಹಿಮ ಮುಚ್ಚಿತ್ತು.

“ಇದು ಸ್ಟೆರ್ಗಿಯೊಸ್ ಕೆಲಸಾನೇ,” ಅರ್ಗಿರಿಸ್ ಹಲ್ಲು ಕಡಿದ. “ಜನವರೀಲಿ ಈ ಕಡೇನೇ ಜೊಂಡು ಕೊಯ್ತಿದ್ದ. ಕಾಫಿ ಅಂಗಡೀಲಿ ಆಮ್ಲೆಟ್ ಹಾಕ್ತೀನಿ ಅಂತ ಬೇರೆ ಕುಣಿದಿದ್ನಲ್ಲ. ಬೇಕಂತ್ಲೇ ಬಿಟ್ಟನೋ, ಮರೆತು ಬಿಟ್ಟನೋ, ನಿಮಗೇನನ್ಸುತ್ತೆ ಡಾಕ್ಟ್ರೇ?”

ನಾನೇ ಹಾಸಿದ್ದು, ಅರ್ಗಿರಿಸ್. ಇಷ್ಟೇ ಹೇಳಬೇಕಿತ್ತು. ಬಾಯಿ ತೆರೆದಳು.

“ನಂಗೊತ್ತಿಲ್ಲ,” ಎಂದಳು.

ಅಂದು ಅವಳು ಕೆಸರಿನಲ್ಲೇ ಕುಸಿದು ಕುಳಿತು ಅತ್ತದ್ದನ್ನು ಅರ್ಗಿರಿಸ್ ಊರಿಗೆಲ್ಲ ಹೇಳಿದ. ಪಾಪ, ಹಕ್ಕಿಯಮ್ಮನಿಗೆ ಮಕ್ಕಳು ಸತ್ತ ಹಾಗಾಗಿದೆ ಎಂದು ಹೆಂಗಸರು ಅವಳ ಬಾಗಿಲಿಗೆ ಸೂಪು ತಂದಿಟ್ಟರು. ಆ ಸೂಪನ್ನು ಅವಳು ಮುಟ್ಟಲಿಲ್ಲ.

ಮಾರನೆಯ ದಿನ ಸ್ಟೆರ್ಗಿಯೊಸ್‌ನ ದೋಣಿಗೆ ಸರೋವರ ಕಚೇರಿಯವರು ಸರಪಳಿ ಹಾಕಿದರು. ಮುಂದಿನ ವಾರ, ಉಪವಾಸ ಶುರುವಾದ ಮರುದಿನ, ಮಂಗಳವಾರ, ಪಟ್ಟಣದ ಕಚೇರಿಯಲ್ಲಿ ವಿಚಾರಣೆ. ತಪ್ಪು ಅವನದೇ ಎಂದಾದರೆ ಮೀನು ಹಿಡಿಯುವ ಲೈಸೆನ್ಸು ಶಾಶ್ವತವಾಗಿ ಹೋಯಿತು. ಅವನ ಅಪ್ಪ, ಅಜ್ಜ ಎಲ್ಲ ಇದೇ ನೀರಿನಲ್ಲಿ ಬದುಕಿದವರು. ಅವನಿಗೆ ಬೇರೆ ಕಸುಬು ಗೊತ್ತಿಲ್ಲ, ಹೊಲವೂ ಇಲ್ಲ.

ಸುಲ್ತಾನಾ ನೂನಾಳ ಮನೆಗೆ ಓಡಿ ಬಂದಳು. ತಲೆವಸ್ತ್ರ ಹೆಗಲಿಗೆ ಜಾರಿತ್ತು.

“ನೂನಾ, ಅವ್ನು ಬಾಯಿಬಡುಕ, ಒಪ್ಕೋತೀನಿ. ಆದ್ರೆ ಮೊಟ್ಟೆ ಮೇಲೆ ಕೈ ಮಾಡೋನಲ್ಲ. ಕಚೇರೀಲಿ ನಿನ್ನ ಮಾತು ನಡೆಯುತ್ತೆ. ಒಂದು ಮಾತು ಹೇಳು, ಸಾಕು.”

“ಹೇಳ್ತೀನಿ ಕಣೇ.”

“ಆಣೆ?”

“ಹೇಳ್ತೀನಿ ಅಂದ್ನಲ್ಲ.”

ಹೇಳಲಿಲ್ಲ. ಫೋನು ಎತ್ತಿ ಇಟ್ಟಳು, ಮತ್ತೆ ಎತ್ತಿ ಇಟ್ಟಳು. ತಾನು ಬಾಯಿಬಿಟ್ಟರೆ ಗತಿಯೇನು? ಊರಿನ ಒಬ್ಬೊಬ್ಬ ಮೀನುಗಾರನನ್ನೂ ಇದೇ ವಿಷಯಕ್ಕೆ ಬೈದಿದ್ದಾಳೆ. ನಾಳೆ ಯಾರು ಅವಳ ಮಾತಿಗೆ ಬೆಲೆ ಕೊಡುತ್ತಾರೆ? ಬಂದೂಕುಗಳು ಮತ್ತೆ ಹೊರಬರುತ್ತವೆ. ಉಳಿದ ಹೆಜ್ಜಾರ್ಲೆಗಳ ಗತಿ? ಹಕ್ಕಿಗಳಿಗೋಸ್ಕರವಾದರೂ ಸುಮ್ಮನಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಹಕ್ಕಿಗಳಿಗೋಸ್ಕರವಂತೆ! ಮನುಷ್ಯ ತನ್ನ ಮಾನ ಮುಚ್ಚಿಕೊಳ್ಳಲು ಏನೇನನ್ನೆಲ್ಲ ಎಳೆದು ಹೊದ್ದುಕೊಳ್ಳುತ್ತಾನೆ ನೋಡಿ. ಅವಳಿಗೂ ಇದು ಗೊತ್ತಿತ್ತು. ಗೊತ್ತಿದ್ದೇ ಹೊದ್ದುಕೊಂಡಳು, ಆದರೂ ನಡುಗುತ್ತಿದ್ದಳು.

ಕಾಫಿ ಅಂಗಡಿಗೆ ಹೋದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳ ಸ್ಥಿತಿ. ಯಾರೋ “ಜೊಂಡು” ಎಂದರೆ ತಟ್ಟನೆ ಬಾಗಿಲ ಕಡೆ ತಿರುಗುತ್ತಿದ್ದಳು. ಜಿಸಿಸ್ ಮುದುಕ ಅವಳ ಮೇಜು ಒರೆಸುತ್ತ ಸಮಾಧಾನ ಹೇಳಿದ. “ಬಿಡು ಹಕ್ಕಿಯಮ್ಮ, ಅವ್ನಿಗೆ ತಕ್ಕ ಶಾಸ್ತಿ ಆಗುತ್ತೆ. ಉಂಡ ಮನೆಗೇ ಕನ್ನ ಹಾಕ್ದ.”

“ಅವ್ನೇ ಅಂತ ಯಾರು ಹೇಳಿದ್ದು?” ಎಂದಳು ಒರಟಾಗಿ.

“ಅಯ್ಯೋ, ನಿನ್ನ ದೊಡ್ಡ ಮನಸ್ಸು,” ಎಂದ ಮುದುಕ. ಅವಳು ಅರ್ಧ ಕಾಫಿ ಬಿಟ್ಟು ಎದ್ದು ಬಂದಳು.

ಹೀಗೆ ಕ್ಷಮೆಯ ಭಾನುವಾರ ಬಂತು. ಉಪವಾಸದ ಹಿಂದಿನ ಸಂಜೆ ನಮ್ಮಲ್ಲಿ ಕಿರಿಯರು ಹಿರಿಯರ ಮನೆಗೆ ಹೋಗುತ್ತಾರೆ. ಕೈಯಲ್ಲಿ ಒಂದು ಕಿತ್ತಳೆ, ಒಂದಿಷ್ಟು ಹಲ್ವಾ. ಕೈಗೆ ಮುತ್ತಿಟ್ಟು, ತಪ್ಪಿದ್ದರೆ ಮನ್ನಿಸು ಎನ್ನುತ್ತಾರೆ. ದೇವರು ಮನ್ನಿಸಲಿ, ನಾನೂ ಮನ್ನಿಸಿದೆ ಎಂದು ಹಿರಿಯರು ಹೇಳಬೇಕು. ಎಂಥ ಜಗಳವಿದ್ದರೂ ಅಂದು ಹೇಳಲೇಬೇಕು. ಎಲ್ಲರಿಗಿಂತ ಮೊದಲು ಹೋಗಬೇಕಾದ್ದು ನೂನಾಳ ಮನೆಗೆ.

ಈ ಸಲ ಸ್ಟೆರ್ಗಿಯೊಸ್, ಸುಲ್ತಾನಾ ಬಾರದಿರಲಿ ಎಂದು ಪೊಲಿಕ್ಸೇನಿ ಆಸೆಪಟ್ಟಳು. ದೀಪ ಹಚ್ಚುವ ಹೊತ್ತಿಗೆ ಬಾಗಿಲು ತಟ್ಟಿತು. ಸ್ಟೆರ್ಗಿಯೊಸ್ ಒಳ್ಳೆಯ ಕೋಟು ಹಾಕಿದ್ದ, ಗಡ್ಡ ಬೋಳಿಸಿದ್ದ. ಆ ಕೆಲವೇ ದಿನಗಳಲ್ಲಿ ಅವನ ಕೆನ್ನೆ ಒಳಗೆ ಹೋಗಿತ್ತು. ಸುಲ್ತಾನಾ ಹಿಂದೆ ನಿಂತಿದ್ದಳು. ಅವನು ಕಿತ್ತಳೆಯನ್ನು ಮೇಜಿನ ಮೇಲಿಟ್ಟು, ಬಗ್ಗಿ, ಅವಳ ಕೈ ಎತ್ತಿಕೊಂಡು ಮುತ್ತಿಟ್ಟ. ಕೈ ಬಿಡಲಿಲ್ಲ.

“ನೂನಾ, ಪ್ರತಿ ವರ್ಷ ಸುಮ್ನೆ ಬಾಯಿಮಾತಿಗೆ ಹೇಳ್ತಿದ್ದೆ. ಈ ಸಲ ಹಂಗಲ್ಲ. ಜನವರೀಲಿ ಅಲ್ಲೇ ಜೊಂಡು ಕೊಯ್ದಿದ್ದು ನಿಜ. ಎಲ್ಲಾ ಎತ್ಕೊಂಡು ಬಂದೆ ಅಂತ್ಲೇ ನೆನಪು. ಆದ್ರೆ ಎಲ್ರೂ ನೀನೇ ನೀನೇ ಅಂತಿದ್ರೆ, ರಾತ್ರಿ ಮಲಗಿದಾಗ ನಂಗೇ ಅನುಮಾನ. ಆವತ್ತು ಚಳಿ ಇತ್ತು, ಒಂದೆರಡು ಕಂತೆ ಬಿಟ್ನೋ ಏನೋ. ನಾನೇ ಬಿಟ್ಟಿರ್ಬೇಕು ನೂನಾ. ಬೇರೆ ಯಾರು ಹೋಗ್ತಾರೆ ಅಲ್ಲಿಗೆ? ನೀನು ಆಯಸ್ಸೆಲ್ಲ ಸವೆಸಿ ಸಾಕಿದ್ದು... ದೋಣಿ ಹೋದ್ರೆ ಹೋಗ್ಲಿ. ನೀನು ಮನ್ನಿಸ್ಬಿಡು.”

ಸುಲ್ತಾನಾ ಸೆರಗಿನಂತೆ ತಲೆವಸ್ತ್ರದ ತುದಿಯನ್ನು ಬಾಯಿಗಿಟ್ಟುಕೊಂಡು ಅಳುತ್ತಿದ್ದಳು. ಪೊಲಿಕ್ಸೇನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಮಾತು ಹೊರಟಿತು, ಆದರೆ ಬೇರೆ ಮಾತು. ಇಷ್ಟು ವರ್ಷದ ಅಭ್ಯಾಸದ ಮಾತು.

“ದೇವ್ರು ಮನ್ನಿಸ್ಲಿ. ನಾನೂ ಮನ್ನಿಸ್ದೆ.”

ಹೇಳಿದ ಕೂಡಲೇ ತನ್ನ ನಾಲಿಗೆಯ ಮೇಲೆಯೇ ಅಸಹ್ಯವಾಯಿತು. ತಪ್ಪು ಮಾಡಿದವಳು ಕುರ್ಚಿಯಲ್ಲಿ, ಮಾಡದವನು ಅವಳ ಮುಂದೆ ಬಗ್ಗಿ ನಿಂತಿದ್ದಾನೆ, ಅವಳು ದೊಡ್ಡಮನಸ್ಸು ಮಾಡಿ ಅವನನ್ನು ಕ್ಷಮಿಸುತ್ತಿದ್ದಾಳೆ. ಬೇಲಿಯೇ ಎದ್ದು ಹೊಲ ಮೇಯ್ದದ್ದೂ ಅಲ್ಲದೆ ಹೊಲದವನಿಗೇ ಬುದ್ಧಿ ಹೇಳಿದ ಹಾಗಾಯಿತು.

“ಏಳು ನೂನಾ, ಮನೆಗೆ ಹೋಗೋಣ,” ಎಂದಳು ಸುಲ್ತಾನಾ, ತಾನೂ ಅವಳ ಕೈಗೆ ಮುತ್ತಿಟ್ಟು, ಕಣ್ಣೊರೆಸಿಕೊಂಡು. “ಚೀಸಿನ ಪೀಟಾ ಮಾಡಿದೀನಿ. ನೀನಿಲ್ದೆ ಮೊಟ್ಟೆ ಆಡೋಕಾಗುತ್ತಾ?”

ಅಂದಿನ ಊಟದ ಕೊನೆಗೆ ಒಂದು ಆಟವಿದೆ. ಬೇಯಿಸಿದ ಮೊಟ್ಟೆಯನ್ನು ಲಟ್ಟಣಿಗೆಯ ತುದಿಗೆ ದಾರದಲ್ಲಿ ಕಟ್ಟಿ ಮನೆಯ ಯಜಮಾನ ಮೇಜಿನ ಮೇಲೆ ತೂಗುತ್ತಾನೆ. ಎಲ್ಲರೂ ಕೈ ಹಿಂದೆ ಕಟ್ಟಿಕೊಂಡು ಬಾಯಲ್ಲೇ ಹಿಡಿಯಬೇಕು. ಉಪವಾಸಕ್ಕೆ ಮೊಟ್ಟೆಯಿಂದ ಬಾಯಿ ಮುಚ್ಚಿ, ಈಸ್ಟರಿಗೆ ಮೊಟ್ಟೆಯಿಂದಲೇ ತೆರೆಯಬೇಕು ಎನ್ನುವುದು ಹಿರಿಯರ ಮಾತು. ಸುಲ್ತಾನಾ ಮೊದಲು ಬಾಯಿ ತೆರೆದಳು, ಮೊಟ್ಟೆ ಅವಳ ಮೂಗಿಗೆ ಬಡಿಯಿತು. ಅಷ್ಟು ದಿನದಲ್ಲಿ ಮೊದಲ ಬಾರಿ ಸ್ಟೆರ್ಗಿಯೊಸ್ ನಕ್ಕ.

“ಈಗ ನೂನಾ! ಬಾಯಿ ದೊಡ್ಡದಾಗಿ ತೆರಿ, ನಮ್ಗೆ ಬೈಯೋವಾಗ ತೆರೀತೀಯಲ್ಲ ಹಂಗೆ!”

ಬಿಳಿ ಮೊಟ್ಟೆ ತೂಗುತ್ತ ಅವಳ ಮುಖದ ಮುಂದೆ ಬಂತು, ಹೋಯಿತು, ಬಂತು. ಪೊಲಿಕ್ಸೇನಿ ಕೈ ಹಿಂದೆ ಕಟ್ಟಿಕೊಂಡು ನಿಂತೇ ಇದ್ದಳು.

“ಜೊಂಡು ಹಾಸಿದ್ದು ನಾನು,” ಎಂದಳು.

“ಏನು?”

“ನೀನಲ್ಲ ಕಣೋ. ನಾನು. ಮಾಂಸ ಸುಟ್ಟ ಗುರುವಾರ. ಒಂದು ಹಕ್ಕಿಯ ಕಾಲು ನೋಡ್ಬೇಕಿತ್ತು ನಂಗೆ. ನಾನು ಬಳೆ ಹಾಕಿದ್ದ ಹಕ್ಕಿ. ಬರೋವಾಗ ಎತ್ಲಿಲ್ಲ. ಸೊಂಟ ಹಿಡ್ಕೊಂಡಿತ್ತು, ಹಸಿವಾಗಿತ್ತು, ನಾಳೆ ಎತ್ತಿದ್ರಾಯ್ತು ಅಂದ್ಕೊಂಡೆ. ಅರ್ಗಿರಿಸ್ ಕೇಳ್ದಾಗ ಗೊತ್ತಿಲ್ಲ ಅಂದೆ. ಹೆದ್ರಿಕೆ ಆಯ್ತು. ನಿನ್ನ ಕುತ್ತಿಗೆಗೆ ಬರುತ್ತೆ ಅಂತ ಗೊತ್ತಿದ್ದೂ ಸುಮ್ನಿದ್ದೆ.”

ಸ್ಟೆರ್ಗಿಯೊಸ್ ಲಟ್ಟಣಿಗೆಯನ್ನು ಇನ್ನೂ ಎತ್ತಿ ಹಿಡಿದೇ ಇದ್ದ. ಮೊಟ್ಟೆ ತೂಗುವುದು ನಿಂತಿತು.

“ನಮ್ಮನೇಲಿ ಕೂತು ಉಂಡ್ಯಲ್ಲ ಆವತ್ತು,” ಎಂದ ಮೆಲ್ಲಗೆ. “ಹಾಡು ಬೇರೆ ಹೇಳ್ದೆ.”

“ಹೂಂ.”

ಸುಲ್ತಾನಾ ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. “ಆಣೆ ಅಂತ ಕೇಳಿದ್ನಲ್ಲೇ ನಿನ್ನ! ಹೇಳ್ತೀನಿ ಅಂದ್ಯಲ್ಲೇ! ಇವ್ನು ರಾತ್ರಿ ನಿದ್ದೆಗೆಟ್ಟು, ನಾನೇ ಇರ್ಬೇಕು ನಾನೇ ಇರ್ಬೇಕು ಅಂತ ಹುಚ್ಚು ಹಿಡಿದೋನ ಹಂಗೆ ಗೋಡೆಗೆ ಮಾತಾಡ್ತಿದ್ದ. ನೀನು ಕೈ ಮುಂದೆ ಮಾಡಿ ಮುತ್ತಿಡಿಸ್ಕೊಂಡ್ಯಾ? ಈಗ್ಲೇ, ಈ ಸಂಜೆನೇ?” ಅಂಗೈಯ ಹಿಂಬದಿಯಿಂದ ತನ್ನ ತುಟಿಯನ್ನು ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. “ಥೂ!”

“ಸುಲ್ತಾನಾ, ಅವ್ಳು ನೂನಾ,” ಎಂದ ಸ್ಟೆರ್ಗಿಯೊಸ್.

“ಗೊತ್ತು ನಂಗೆ ಅವ್ಳು ಯಾರು ಅಂತ! ಅದಕ್ಕೇ ಉರೀತಿರೋದು!”

ಪೊಲಿಕ್ಸೇನಿ ಕ್ಷಮೆ ಕೇಳಲು ಬಾಯಿ ತೆರೆದಳು. ಸ್ಟೆರ್ಗಿಯೊಸ್ ಕೈ ಎತ್ತಿ ತಡೆದ.

“ಇವತ್ತು ಕೇಳ್ಬೇಡ ನೂನಾ. ಇವತ್ತು ಯಾರು ಕೇಳಿದ್ರೂ ಇಲ್ಲ ಅನ್ನೋ ಹಂಗಿಲ್ಲ. ಅಂಥದ್ದು ನಿಂಗೆ ಬೇಡ, ನಂಗೂ ಬೇಡ. ಮಂಗಳವಾರ ಕಚೇರಿಗೆ ಬಾ. ಈಗ ಹೋಗು.”

ಅವಳು ಹೋದಳು. ಮಂಗಳವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. ವಿಚಾರಣೆಯ ಅಧ್ಯಕ್ಷರಿಗೆ ಮೊದಲು ನಂಬಿಕೆಯಾಗಲಿಲ್ಲ. ಆ ಮೀನುಗಾರನನ್ನು ಉಳಿಸಲು ಹೀಗೆ ಹೇಳುತ್ತಿದ್ದೀರಾ ಎಂದು ಕೇಳಿದರು. ಅವಳಿಗೆ ಅದೇ ಎಲ್ಲಕ್ಕಿಂತ ಕಷ್ಟವಾದದ್ದು. ತಪ್ಪು ತನ್ನದೇ ಎಂದು ನಂಬಿಸಲು ಎಲ್ಲಿ ಕೊಯ್ದೆ, ಎಲ್ಲಿ ಕೂತೆ, ಯಾವ ಕಂತೆಯ ಹತ್ತಿರ ಸೊಂಟ ಹಿಡಿಯಿತು ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಬೇಕಾಯಿತು. ಹಿಂದಿನ ಬೆಂಚಿನಲ್ಲಿ ಕುಳಿತ ಮೀನುಗಾರರು ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಸ್ಟೆರ್ಗಿಯೊಸ್‌ನ ದೋಣಿಯ ಸರಪಳಿ ಕಳಚಿತು. ಪೊಲಿಕ್ಸೇನಿ ಜೊಂಡಿನೊಳಗೆ ಕಾಲಿಡಬಾರದು, ದೋಣಿ ಇಳಿಸಬಾರದು ಎಂದು ಆದೇಶವಾಯಿತು. ಓಡಿಹೋದ ಹೆಜ್ಜಾರ್ಲೆಗಳಲ್ಲಿ ಸ್ವಲ್ಪ ಸರೋವರದ ಆಚೆ ಮಗ್ಗುಲಲ್ಲಿ ಮತ್ತೆ ಗೂಡು ಕಟ್ಟಿದವು. ಅವಳು ಚರ್ಚಿನ ಗುಡ್ಡ ಹತ್ತಿ ದೂರದಿಂದ ನೋಡುತ್ತಿದ್ದಳು. ಯಾವುದಾದರೂ ದೋಣಿ ಗೂಡಿನ ಹತ್ತಿರ ಹೋದರೆ ಅಭ್ಯಾಸಬಲದಿಂದ ಎದೆತುಂಬ ಉಸಿರು ಎಳೆದುಕೊಳ್ಳುತ್ತಿದ್ದಳು. ಆಮೇಲೆ ನೆನಪಾಗಿ ಸುಮ್ಮನೆ ಬಿಡುತ್ತಿದ್ದಳು. ದೋಣಿಯವರು ಗುಡ್ಡದ ಕಡೆ ಒಮ್ಮೆ ನೋಡಿ ತಾವಾಗಿಯೇ ಹುಟ್ಟು ತಿರುಗಿಸುತ್ತಿದ್ದರು. ಬಂದೂಕುಗಳೇನೂ ಹೊರಬರಲಿಲ್ಲ. ಅವಳ ಭಯವೆಲ್ಲ ಸುಳ್ಳಾಯಿತು, ಅದರಿಂದ ನಾಚಿಕೆ ಇನ್ನೂ ಹೆಚ್ಚಾಯಿತು. ಈಸ್ಟರಿಗೆ ಸುಲ್ತಾನಾಳ ಮನೆಯಿಂದ ವಾಡಿಕೆಯ ಕೆಂಪು ಮೊಟ್ಟೆ ಬರಲಿಲ್ಲ. ಭಾನುವಾರದ ತಟ್ಟೆಯೂ ನಿಂತಿತು. ಸ್ಟೆರ್ಗಿಯೊಸ್ ಬೀದಿಯಲ್ಲಿ ಕಂಡರೆ ಟೋಪಿ ಮುಟ್ಟಿ ಹೋಗುತ್ತಿದ್ದ. ಸುಲ್ತಾನಾ ಕಂಡರೆ ಬೀದಿಯ ಆಚೆ ಬದಿಗೆ ದಾಟುತ್ತಿದ್ದಳು.

ಮತ್ತೆ ಕ್ಷಮೆಯ ಭಾನುವಾರ ಬಂತು. ಪೊಲಿಕ್ಸೇನಿ ಮನೆಯಲ್ಲಿ ದೀಪ ಹಚ್ಚಿ ಕಾಯಲಿಲ್ಲ. ಇನ್ನೂ ಬೆಳಕಿರುವಾಗಲೇ, ಒಂದು ಕಿತ್ತಳೆ ಹಿಡಿದು ನಡುಬೀದಿಯಲ್ಲಿ ಹೊರಟಳು. ಕಾಫಿ ಅಂಗಡಿಯ ಮುಂದೆ ಕುರ್ಚಿಗಳು ಒಂದೊಂದಾಗಿ ಅವಳ ಕಡೆ ತಿರುಗಿದವು. ನೂನಾ ಆದವಳು ಕಿತ್ತಳೆ ಹಿಡಿದು ಕಿರಿಯರ ಮನೆಗೆ ಹೋದದ್ದನ್ನು ಕಲಮಿಯಾ ಎಂದೂ ಕಂಡಿರಲಿಲ್ಲ.

“ಹಕ್ಕಿಯಮ್ಮಾ,” ಜಿಸಿಸ್ ಮುದುಕನಿಗೆ ತಡೆಯಲಾಗಲಿಲ್ಲ, “ದಾರಿ ತಪ್ಪಿತೇನು? ಅವ್ರು ತಾನೆ ನಿನ್ನ ಮನೇಗೆ ಬರ್ಬೇಕಾದ್ದು?”

“ದಾರಿ ಗೊತ್ತಿದ್ದೇ ಹೊರಟಿದೀನಿ ಬಾರ್ಬಾ.”

ಬಾಗಿಲು ತೆರೆದದ್ದು ಸ್ಟೆರ್ಗಿಯೊಸ್. ಅವಳು ಅವನ ಕೈಗೆ ಬಗ್ಗಿದಾಗ ಬೆಂಕಿ ತಾಗಿದವನಂತೆ ಕೈ ಹಿಂದಕ್ಕೆಳೆದುಕೊಂಡ.

“ಅಯ್ಯೋ ಬೇಡ ನೂನಾ, ನಂಗೆ ಪಾಪ ಬರುತ್ತೆ! ನಂದೇನಿಲ್ಲ, ನಂದು ಯಾವಾಗ್ಲೋ ಮುಗೀತು.” ಅವನು ಅಡಿಗೆಮನೆಯ ಕಡೆ ನೋಡಿದ. “ಅವ್ಳದ್ದು ನೋಡು.”

ಸುಲ್ತಾನಾ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಪೊಲಿಕ್ಸೇನಿ ಕಿತ್ತಳೆಯನ್ನು ನೆಲದ ಮೇಲಿಟ್ಟು, ಸೊಂಟ ಹಿಡಿದುಕೊಂಡರೂ ಬಗ್ಗಿ, ಆ ಹಿಟ್ಟಿನ ಕೈ ತೆಗೆದುಕೊಂಡು ಮುತ್ತಿಟ್ಟಳು. ಸುಲ್ತಾನಾ ಕೈ ಎಳೆದುಕೊಳ್ಳಲಿಲ್ಲ.

“ತಪ್ಪು ಮಾಡ್ದೆ,” ಎಂದಳು ಪೊಲಿಕ್ಸೇನಿ. “ಮನ್ನಿಸು.”

“ದೇವ್ರು ಮನ್ನಿಸ್ಲಿ,” ಎಂದಳು ಸುಲ್ತಾನಾ.

ಅಷ್ಟಕ್ಕೇ ನಿಲ್ಲಿಸಿದಳು. ನಾನೂ ಮನ್ನಿಸಿದೆ ಎಂಬ ಉಳಿದರ್ಧ ಬರಲಿಲ್ಲ. ಒಳಗೆ ಒಲೆಯ ಮೇಲೆ ಏನೋ ಕೊತಕೊತ ಎನ್ನುತ್ತಿತ್ತು.

“ನಂದು ಇನ್ನೂ ಆಗಿಲ್ಲ ನೂನಾ. ಸುಳ್ಳು ಹೇಳಲ್ಲ,” ಎಂದಳು ಕೊನೆಗೆ. “ಒಳಗೆ ಬಾ. ಚಳಿ ಬರ್ತಿದೆ, ಬಾಗಿಲು ಹಾಕು.”

ಪೊಲಿಕ್ಸೇನಿ ತುಟಿಗೆ ಹತ್ತಿದ ಹಿಟ್ಟನ್ನು ಒರೆಸಿಕೊಳ್ಳದೆ ಒಳಗೆ ಹೋದಳು.